ಜಿಪಿಬಿಡಿ-4 ಶೇಂಗಾದಾಗ ಕಾಡು ಗಿಡದ ರಕ್ತ ಐತಂತ, ಖರೇನಾ?

ಶೇಂಗಾಹೊಲ

ಎಲ್ಲಾರಿಗೂ ನಮಸ್ಕಾರ. ನಮ್ದು ಲಕ್ಷ್ಮೇಶ್ವರ ಕಡೆ, ಮುಂಗಾರಿಗೆ ನಾಕ್ ಎಕರೆ ಶೇಂಗಾ ಹಾಕ್ತೀವಿ. ಅಪ್ಪ ಮೊದ್ಲಿಂದನೂ ಟಿಎಂವಿ-2 ಅನ್ನೋ ಹಳೇ ತಳಿ ಹಾಕ್ಕೋಂತ ಬಂದಾನ, ನಡುವ ಎರಡ್ ಮೂರ್ ವರ್ಷ ಜೆಎಲ್-24 ಹಾಕಿದ್ವಿ. ಹೋದ ವರ್ಷ ಸೂಜಿ ಇಳದು ಕಾಯಿ ಕಟ್ಟೋ ಹೊತ್ತಿಗೆ ಜಿಟಿಜಿಟಿ ಮಳಿ ಹಿಡಕೊಂಡು ಕುಂತ್ಬಿಡ್ತು, ಹದಿನೈದ್ ದಿನದಾಗ ಎಲಿ ಎಲ್ಲಾ ಸುಟ್ಟಂಗಾಗಿ ಹೊಲ ಕಂದಗಾತು, ಎರಡ್ ಸಲ ಹೆಕ್ಸಾ ಅನ್ನೋ ರೋಗದ ಎಣ್ಣಿ ಹೊಡದ್ವಿ, ಅದರಾಗ ಒಂದು ಹೊಡದ ಮರುದಿನನೇ ಮಳಿ ಬಂದು ತೊಳಕೊಂಡ್ ಹೋತು. ಕಿತ್ತರ ಅರ್ಧ ಜೊಳ್ಳು. ಹೊಟ್ಟು ದನಕ್ಕ ಹಾಕಿದ್ರ ಮೂಸಿ ನೋಡಿ ಬಿಟ್ವು.

ಒಡ್ಡಿನ ಆ ಕಡೆ ನಮ್ ಕಾಕಾನ ಹೊಲ, ಅದ ಮಳಿ, ಅದ ಮಣ್ಣು, ಕೀಳೋ ದಿನದ ತನಕ ಹಸರ ನಿಂತಿತ್ತು. ಏನ್ ಬೀಜ ಅಂತ ಕೇಳಿದ್ರ ಜಿಪಿಬಿಡಿ-4 ಅಂದ. ಸರಿ, ಈ ಸಲ ನಾವೂ ಅದನ್ನ ಹಾಕೋಣು ಅಂತ ಮನ್ಯಾಗ ಮಾತ್ ತಗದ್ರ, ಬೀಜದ ಅಂಗಡ್ಯಾಗ ಕೆಲಸಾ ಮಾಡೋ ನಮ್ ಭಾವ ಒಂದು ಬಾಂಬ್ ಹಾಕಿದ, ಅದ್ರಾಗ ಯಾವ್ದೋ ಪರದೇಶದ ಕಾಡು ಗಿಡದ್ದು ಸೇರ್ಸ್ಯಾರ ಅಂತ. ಅಷ್ಟ ಸಾಕಾತು ಅಪ್ಪಗ, "ತಿನ್ನೋದ್ರಾಗ ಕಾಡಿಂದು ಬ್ಯಾಡ" ಅಂತ ಹಠಾ ಹಿಡದಾನ. ಈಗ ನನ್ನ ಪ್ರಶ್ನೆ ಏನಂದ್ರ, ಇದು ಖರೇನಾ, ಖರೇ ಇದ್ರ ಇದು ಕುಲಾಂತರಿ ಅಂತಾರಲ್ಲ ಆ ಪೈಕಿ ಏನು, ಮತ್ತ ಕಾಡು ಗಿಡಕ್ಕ ಅಷ್ಟು ತಾಕತ್ ಇದ್ರ ಎಲ್ಲಾ ತಳಿಗೂ ಅದನ್ನ ಸೇರಿಸಿ ಎಣ್ಣಿ ಹೊಡ್ಯೋ ಖರ್ಚ ಉಳಸಬಹುದಿತ್ತಲ್ಲ, ಯಾಕ್ ಮಾಡಿಲ್ಲ? ಗೊತ್ತಿದ್ದವ್ರು ಸ್ವಲ್ಪ ಬಿಡಿಸಿ ಹೇಳ್ರಿ.

ಬೆಳಗಿನ_ಹೂವು

ನಿಮ್ಮ ಭಾವ ಹೇಳಿದ್ದು ಖರೇ ಐತ್ರಿ, ಆದ್ರ ಅರ್ಧ ಹೇಳ್ಯಾರ. ನಾನು ಕೃಷಿ ಎಂಎಸ್ಸಿ ಮಾಡೋವಾಗ ಎರಡು ವರ್ಷ ಶೇಂಗಾ ಕ್ರಾಸಿಂಗ್ ಮಾಡೀನಿ, ಈಗ ಬ್ಯಾಂಕಿನಾಗ ಕುಂತು ಬೆಳೆಸಾಲದ ಫೈಲ್ ನೋಡ್ತೀನಿ, ಅದು ಬ್ಯಾರೆ ಕಥಿ. ನೆನಪಿದ್ದಷ್ಟು ಹೇಳ್ತೀನಿ, ಉದ್ದ ಆಗ್ತದ, ಚಾ ಕುಡ್ಕೋಂತ ಓದ್ರಿ.

ಜಿಪಿಬಿಡಿ-4 ಧಾರವಾಡ ಕೃಷಿ ವಿಶ್ವವಿದ್ಯಾಲಯದ ತಳಿ. ಅದರ ಒಂದು ಕಡೆ ಕೆಆರ್‌ಜಿ-1, ಲಗೂನ ಬರೋ ತಳಿ. ಇನ್ನೊಂದು ಕಡೆ ಐಸಿಜಿವಿ 86855 ಅಂತ, ಸಿಎಸ್-16 ಅಂತನೂ ಕರೀತಾರ, ಅದು ಹೈದರಾಬಾದ್ ಹತ್ರ ಪಟಾಂಚೆರುವಿನಾಗ ಇರೋ ಇಕ್ರಿಸ್ಯಾಟ್ ಅನ್ನೋ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆದು. ಕಾಡಿನ ಸಂಬಂಧ ಬಂದಿದ್ದು ಈ ಎರಡನೇದ್ರಿಂದ. ಆ ಕಾಡು ಶೇಂಗಾದ ಹೆಸರು ಅರಾಕಿಸ್ ಕಾರ್ಡಿನಾಸಿ, ಊರು ದಕ್ಷಿಣ ಅಮೆರಿಕದ ಬೊಲಿವಿಯಾ. ಈಗ ಅಪ್ಪಾರಿಗೆ ಇದನ್ನ ಹೇಳ್ರಿ: ಶೇಂಗಾ ಅನ್ನೋದೇ ಪರದೇಶದ್ದು. ಶೇಂಗಾ ಕುಲದಾಗ ಸುಮಾರು 80 ಜಾತಿ ಅದಾವ, ಎಲ್ಲಾ ಬ್ರೆಜಿಲ್, ಬೊಲಿವಿಯಾ, ಪರಾಗ್ವೆ, ಅರ್ಜೆಂಟೀನಾ, ಉರುಗ್ವೆ ಕಡೇವು, ನಮ್ ದೇಶದ ಕಾಡಿನಾಗ ಒಂದೂ ಇಲ್ಲ. ಅವರು ಬಿತ್ತೋ ಟಿಎಂವಿ-2 ಸುದ್ದಾ ಅಲ್ಲಿಯ ಎರಡು ಕಾಡು ಗಿಡ ತಾವಾಗೇ ಕೂಡಿ ಹುಟ್ಟಿದ ಗಿಡದ ವಂಶ. ಆ ಎರಡರಾಗ ಒಂದು ಡುರಾನೆನ್ಸಿಸ್, ಇನ್ನೊಂದು ಇಪಾಯೆನ್ಸಿಸ್. ಮನುಷ್ಯಾ ವ್ಯವಸಾಯ ಕಲಿಯೋ ಕಾಲಕ್ಕ ಆದ ಸಂಬಂಧ ಅದು. ಅಂದ್ರ ಕಾಡಿಂದು ಬ್ಯಾಡ ಅಂದ್ರ ಶೇಂಗಾನೇ ಬ್ಯಾಡ ಅಂದಂಗಾತು.

ಕುಲಾಂತರಿ ಅಂದ್ರ ಲ್ಯಾಬಿನ್ಯಾಗ ಬ್ಯಾರೆ ಜೀವಿದು ವಂಶವಾಹಿ ಹಾಕಿದ್ದು, ಇದು ಅದಲ್ಲ. ಇದು ಹೂವಿಗೆ ಹೂವು ಕೂಡಿಸಿ ಮಾಡಿದ್ದು. ನಮ್ ದೇಶದಾಗ ರೈತರ ಹೊಲಕ್ಕ ಬಂದಿರೋ ಕುಲಾಂತರಿ ಅಂದ್ರ ಬಿಟಿ ಹತ್ತಿ, 2002ರಿಂದ. ಶೇಂಗಾದಾಗ ಅಂಥಾದ್ದು ಇಲ್ಲ.

ಕೂಡಿಸೋದು ಅಂದ್ನಲ್ಲ, ಅದು ಹೇಳಿದಷ್ಟು ಸಲೀಸಲ್ಲ. ಶೇಂಗಾ ಹೂವು ನಸುಕಿನ್ಯಾಗ ಅರಳ್ತದ, ಅರಳೋ ಹೊತ್ತಿಗೆ ತನ್ನ ಪರಾಗ ತನಗ ಹಾಕ್ಕೊಂಡ್ ಮುಗಿಸಿರ್ತದ. ಅದಕ್ಕ ಹಿಂದಿನ ಸಂಜಿನೇ ಮೊಗ್ಗು ಬಿಡಿಸಿ, ಚಿಮಟದಾಗ ಕೇಸರ ಕಿತ್ತು ಹಾಕಿ, ದಾರ ಕಟ್ಟಿ ಗುರ್ತಾ ಮಾಡಿ, ಮರುದಿನ ಮುಂಜಾನೆ ಲಗೂನ ಎದ್ದು ಬ್ಯಾರೆ ಗಿಡದ ಪರಾಗ ಸವರಬೇಕು. ನೂರು ಹೂವಿಗೆ ಕುಂತ್ರ ಎಷ್ಟೋ ಉದುರಿ ಹೋಗ್ತಾವ. ಎರಡು ವರ್ಷ ನನ್ನ ಬೆನ್ನು ಹೆಂಗಿತ್ತು ಅನ್ನೋದು ನನಗ ಗೊತ್ತು.

ಅದೂ ಎರಡು ಊರಿನ ಶೇಂಗಾ ತಳಿ ಕೂಡಿಸೋವಾಗಿನ ಮಾತು. ಕಾಡಿಂದು ಕೂಡಿಸಬೇಕಂದ್ರ ಲೆಕ್ಕಾನೇ ತಪ್ಪತದ. ನಮ್ ಶೇಂಗಾಕ್ಕ 40 ವರ್ಣತಂತು (ಕ್ರೋಮೋಸೋಮ್, ವಂಶದ ಗುಣ ಹೊತ್ತ ಎಳಿ), ಕಾರ್ಡಿನಾಸಿಗೆ 20. ಕೂಡಿಸಿದ್ರ ಹುಟ್ಟೋದು 30ರದ್ದು. ಹೇಸರಗತ್ತಿ ಇರ್ತದಲ್ಲ, ಕುದುರಿ ಕತ್ತಿ ಕೂಡಿ ಹುಟ್ಟತದ, ದುಡೀತದ, ಮರಿ ಹಾಕೂದಿಲ್ಲ, ಹಂಗ. ಗಿಡ ಭಾರೀ ಹುಲುಸಾಗಿ ಬರ್ತದ, ಹೂವು ಬಿಡ್ತದ, ಕಾಯಿ ಆಗೂದಿಲ್ಲ. ಅದಕ್ಕ ಕಾಲ್ಚಿಸಿನ್ ಅನ್ನೋ ರಾಸಾಯನಿಕ ಹಾಕಿ ವರ್ಣತಂತುಗಳನ್ನ ದುಪ್ಪಟ್ಟು ಮಾಡಿದ್ರು, 60 ಆತು, ಆಗ ಕಾಯಿ ಕಟ್ತು. ಆ 60ರ ಗಿಡದ ಬೀಜ ಹಾಕ್ಕೋಂತ ಹಾಕ್ಕೋಂತ ಹೋದಂಗ ಹೆಚ್ಚಿನ ವರ್ಣತಂತು ತಾವಾಗೇ ಉದುರ್ಕೋಂತ ಬಂದು ಕೆಲವು ಗಿಡ ಮತ್ತ 40ಕ್ಕ ಬಂದು ನಿಂತ್ವು, ನಡುವ ಕಾಡಿನ ಒಂದಿಷ್ಟು ತುಣುಕು ಒಳಗ ಉಳಕೊಂಡ್ವು. ಇದನ್ನ ಶುರು ಮಾಡಿದ್ದು 1960ರ ದಶಕದಾಗ ಅಮೆರಿಕದ ನಾರ್ತ್ ಕೆರೊಲಿನಾದಾಗ, ಸ್ಮಾರ್ಟ್ ಮತ್ತ ಗ್ರೆಗರಿ ಅನ್ನೋ ಇಬ್ಬರು. ಅಲ್ಲಿಂದ ಆ ಬೀಜ ದೇಶದಿಂದ ದೇಶಕ್ಕ ಹೋದ್ವು, ಪಟಾಂಚೆರುವಿಗೂ ಬಂದ್ವು. ನಿಮ್ ಕಾಕಾನ ಹೊಲಕ್ಕ ಬರೋ ಹೊತ್ತಿಗೆ ಹೊಸ ಶತಮಾನ ಶುರುವಾಗಿತ್ತು.

ಇನ್ನೊಂದು ಮಾತು, ನಿಮ್ ಹೊಲದಾಗ ಬಂದಿದ್ದು ತುಕ್ಕೋ ಟಿಕ್ಕಾನೋ? ಎಲಿ ತಳಗ ಕಿತ್ತಳಿ ಬಣ್ಣದ ಪುಡಿ, ಮುಟ್ಟಿದ್ರ ಕೈಗೆ ಹತ್ತೋದು, ಎಲಿ ಒಣಗಿದ್ರೂ ಗಿಡಕ್ಕನೇ ಜೋತು ಬಿದ್ದಿತ್ತು ಅಂದ್ರ ತುಕ್ಕು. ಕರಿ ಚುಕ್ಕಿ ಬಿದ್ದು ಎಲಿ ಉದುರಿ ಬರೇ ಕಡ್ಡಿ ಉಳದಿತ್ತು ಅಂದ್ರ ಟಿಕ್ಕಾ, ಅಂದ್ರ ಎಲೆಚುಕ್ಕಿ.

ಶೇಂಗಾಹೊಲ

ಎರಡೂ ಇತ್ರಿ ಸರ. ಕೆಳಗಿನ ಎಲಿ ಉದುರಿದ್ವು, ಮ್ಯಾಲಿನ್ವು ಜೋತಾಡತಿದ್ವು, ಹೊಲದಾಗ ಅಡ್ಡಾಡಿದ್ರ ಲುಂಗಿ ಎಲ್ಲಾ ಕೆಂಪಗ.

ಚಳ್ಳಕೆರೆ_ಬಯಲು

ಮಧ್ಯ ಬಾಯಿ ಹಾಕ್ತೀನಿ ಅಂತ ಬೇಜಾರ್ ಮಾಡ್ಕೋಬೇಡಿ. ಇಲ್ಲಿ ಎಲ್ಲರೂ ಜಿಪಿಬಿಡಿ ಜಿಪಿಬಿಡಿ ಅಂತ ಹೊಗಳ್ತಾ ಇದೀರ, ನಮ್ ಕಡೆ ಕಡ್ಲೆಕಾಯಿಗೆ ಬರೋ ಕಾಯಿಲೆಗಿಂತ ಮಳೆ ಕೈ ಕೊಡೋದೇ ದೊಡ್ಡ ಕಾಯಿಲೆ. ನಮ್ ತಾತನ ಕಾಲದಿಂದ ಟಿಎಂವಿ-2, ಅದೂ 1940ರ ಹೊತ್ತಿಗೆ ಬಂದಿದ್ದಂತೆ, ಇನ್ನೂ ಬಿಡೋಕಾಗಿಲ್ಲ, ಯಾಕಂದ್ರೆ ಒಣಗಿ ಒಣಗಿ ಮತ್ತೆ ಒಂದು ಹದ ಮಳೆ ಬಿದ್ರೆ ಎದ್ದು ನಿಂತ್ಕೊಳ್ತದೆ. ನಾನೂ ಒಂದು ವರ್ಷ ಜಿಪಿಬಿಡಿ ಹಾಕಿದ್ದೆ ಒಂದೆಕರೆಗೆ. ಆ ವರ್ಷ ಕಾಯಿಲೇನೇ ಬರ್ಲಿಲ್ಲ, ಬರ್ಲಿಲ್ಲ ಅಂದ್ರೆ ಮಳೆನೇ ಬರ್ಲಿಲ್ಲ, ಎಲೆ ಹಸಿರಾಗಿದ್ದು ಏನ್ ಮಾಡ್ಲಿ ಹೇಳಿ. ಮೇಲಿಂದ ಗೊಣ್ಣೆಹುಳ ಬಂದು ಬೇರು ಕತ್ತರಿಸಿ ಹಾಕ್ತು, ಕಾಡು ಗಿಡದ ರಕ್ತ ಅದ್ಕೇನೂ ಮಾಡ್ಲಿಲ್ಲ. ಮಂಡಿಯಲ್ಲಿ ಕಾಯಿ ನೋಡಿದವನು ಇದ್ಯಾವುದು ಹೊಸದು ಅಂತ ಮೂಗು ಮುರಿದ.

ನಾನು ಹೇಳೋದೇನಂದ್ರೆ ಯಾವ ಊರಲ್ಲಿ ಯಾವ ತೊಂದರೆ ಇದೆ ಅಂತ ನೋಡ್ಕೊಂಡು ಬೀಜ ಹಾಕಿ. ಗದಗ ಧಾರವಾಡ ಕಡೆ ಮೋಡ ಕವಿದು ತಂಪು ಇರೋ ಜಾಗಕ್ಕೆ ಇದು ಸರಿ ಇರಬಹುದು.

ಬೆಳಗಿನ_ಹೂವು

ಚಳ್ಳಕೆರೆ ಅಣ್ಣಾ, ನೀವು ಹೇಳಿದ್ದು ನೂರಕ್ಕ ನೂರು. ಕಾರ್ಡಿನಾಸಿಯಿಂದ ಜಿಪಿಬಿಡಿಗೆ ಬಂದಿದ್ದು ತುಕ್ಕು, ತಡವಾಗಿ ಬರೋ ಎಲೆಚುಕ್ಕಿ, ಈ ಎರಡಕ್ಕ ತಡಕೊಳ್ಳೋ ಗುಣ. ಗೊಣ್ಣಿಹುಳಕ್ಕೂ ಬರಕ್ಕೂ ಅದು ಏನೂ ಬರದುಕೊಟ್ಟಿಲ್ಲ. ತಡಕೊಳ್ಳೋದು ಅಂದ್ರೂ ರೋಗ ಬರೂದೇ ಇಲ್ಲ ಅಂತಲ್ಲ, ಬಂದ್ರೂ ಚುಕ್ಕಿ ಸಣ್ಣದಾಗಿ ನಿಲ್ತಾವ, ಪುಡಿ ಕಡಿಮಿ ಉದುರ್ತದ, ಹಬ್ಬೋದು ನಿಧಾನ. ಅಷ್ಟರಾಗ ಕಾಯಿ ಬಲೀತದ, ಹೊಟ್ಟೂ ದನಕ್ಕ ಸಿಗ್ತದ. ಲಕ್ಷ್ಮೇಶ್ವರದ ತಮ್ಮಾ, ಇದನ್ನ ತಲ್ಯಾಗ ಇಟ್ಕೋ, ಒಂದೊಂದು ಚುಕ್ಕಿ ಕಂಡ್ರ ಬೀಜ ಮೋಸ ಅನಬ್ಯಾಡ.

ಈಗ ನಿನ್ನ ಮೂರನೇ ಪ್ರಶ್ನೆ, ಎಲ್ಲಾ ತಳಿಗೂ ಯಾಕ್ ಸೇರಿಸಿಲ್ಲ ಅಂತ. ಕಾಡು ಶೇಂಗಾ ಗಿಡ ಒಂದ್ಸಲ ಕಣ್ಣಾರೆ ನೋಡಿದ್ರ ಈ ಪ್ರಶ್ನೆ ಕೇಳ್ತಿದ್ದಿಲ್ಲ. ನಾನು ಮೊದಲನೇ ಸಲ ಕುಂಡದಾಗಿಂದ ಕಿತ್ತು ನೋಡಿದಾಗ ನಗು ಬಂತು. ನೆಲಕ್ಕ ಹಬ್ಬಕೊಂಡು ಹೋಗಿರ್ತದ, ಕಾಯಿ ಗಿಡದ ಬುಡಕ್ಕಲ್ಲ, ಎಲ್ಲೋ ದೂರ ಮಣ್ಣಾಗ. ನಮ್ ಶೇಂಗಾದಾಗ ಎರಡು ಕಾಳು ಒಂದ ಚಿಪ್ಪಿನ್ಯಾಗ ಅಂಟಿಕೊಂಡು ಕುಂತಿರ್ತಾವಲ್ಲ, ಅದ್ರಾಗ ಹಂಗಿಲ್ಲ, ಒಂದು ಕಾಳು ಇಲ್ಲಿ, ನಡುವ ಉದ್ದಾನೂ ದಾರದಂಥ ಎಳಿ, ಆಮ್ಯಾಲೆ ಇನ್ನೊಂದು ಕಾಳು. ಗಿಡ ಹಿಡದು ಜಗ್ಗಿದ್ರ ಕಾಯಿ ಎಲ್ಲಾ ಮಣ್ಣಾಗ, ಕೈಯಾಗ ಬರೇ ಬಳ್ಳಿ. ಕಾಳೂ ಸಣ್ಣ. ಕಾಡಿನಾಗ ಅದಕ್ಕ ಅದೇ ಬೇಕು, ತನ್ನ ಬೀಜ ದೂರ ದೂರ ಹೋಗ್ಲಿ ಅಂತ, ಮಂದಿ ಕಿತ್ತುಕೊಂಡು ತಿನ್ನಲಿ ಅಂತ ಅಲ್ಲ.

ರೋಗದ ಗುಣ ಬೇಕು ಅಂತ ಕೂಡಿಸಿದ್ರ ಇದೆಲ್ಲಾನೂ ಹಿಂದ ಬರ್ತದ. ಸೊಸಿ ಚೊಲೊ ಅದಾಳ ಅಂತ ತಂದ್ರ ಆಕಿ ತವರಮನಿ ಅಷ್ಟೂ ಬಂದು ಠಿಕಾಣಿ ಹೂಡಿದಂಗ. ರೋಗ ತಡಿಯೋ ವಂಶವಾಹಿ ವರ್ಣತಂತುವಿನ ಯಾವ ತುಣುಕಿನಾಗ ಐತೋ, ಅದ ತುಣುಕಿನ ಅಕ್ಕಪಕ್ಕ ಕಾಯಿ ಸಣ್ಣ ಮಾಡೋದು, ಚಿಪ್ಪು ದಪ್ಪ ಮಾಡೋದು, ಬೆಳಿ ತಡಾ ಮಾಡೋದು ಏನೇನೋ ಕುಂತಿರ್ತಾವ. ಅವನ್ನ ಬಿಡಸಬೇಕಂದ್ರ ಮತ್ತ ಮತ್ತ ಊರಿನ ತಳಿಗೆ ಕೂಡಿಸಬೇಕು, ಪ್ರತಿ ಸಲ ಸಾವಿರಾರು ಗಿಡ ಬೆಳಸಿ, ರೋಗ ತಾವೇ ಬೇಕಂತ ಹಚ್ಚಿ, ಉಳಿದದ್ದರಾಗ ಕಾಯಿ ಚೊಲೊ ಇದ್ದದ್ದನ್ನ ಆರಿಸಿ, ಉಳಿದದ್ದು ಒಗೀಬೇಕು. ಆಗಿನ ಕಾಲಕ್ಕ ಕಣ್ಣು ಬಿಟ್ರ ಬ್ಯಾರೆ ಹತಾರ ಇರಲಿಲ್ಲ. ಅದಕ್ಕ ಇಷ್ಟು ವರ್ಷ ಹಿಡೀತು. ನನ್ನ ಕೇಳಿದ್ರ ಕಾಡು ಗಿಡದ್ದು ಸೇರಿಸಿದ್ದಕ್ಕಿಂತ ಅದನ್ನ ತಗದು ಒಗದಿದ್ದೇ ದೊಡ್ಡ ಕೆಲಸ, ಜಿಪಿಬಿಡಿ ಮಾಡಿದವರ ಕೈಚಳಕ ಇರೋದು ಅಲ್ಲೇ, ಕಾಡಿನ ಗುಣ ಉಳಿಸಿ ಅದರ ಗೋಳು ಬಿಟ್ಟರು.

ಈಗ ಸ್ವಲ್ಪ ಹಾದಿ ಸಲೀಸಾಗೇತಿ. ಜಿಪಿಬಿಡಿ-4ರ ಮ್ಯಾಲೆ ಧಾರವಾಡ, ಇಕ್ರಿಸ್ಯಾಟ್ ಕೂಡಿ ಕೆಲಸಾ ಮಾಡಿ ತುಕ್ಕಿನ ಗುಣ ಎಲ್ಲಿ ಕುಂತೈತಿ ಅಂತ ಗುರ್ತು ಹಚ್ಚಿದ್ರು, ಗಿಡದಿಂದ ಗಿಡಕ್ಕ ತುಕ್ಕು ಹೆಚ್ಚುಕಡಿಮಿ ಹತ್ತೋ ವ್ಯತ್ಯಾಸದಾಗ ಶೇಕಡಾ 80ರಷ್ಟು ಒಂದ ಜಾಗಾದಿಂದ ಬರ್ತದ ಅಂತ ಗೊತ್ತಾತು. ಅಂದ್ರ ಮೊಳಕಿ ಬಂದ ಗಿಡದ ಒಂದು ಎಲಿ ಚೂರು ತಗೊಂಡು ಲ್ಯಾಬಿನ್ಯಾಗ ಡಿಎನ್ಎ ನೋಡಿದ್ರ ಆ ತುಣುಕು ಐತೋ ಇಲ್ಲೋ ತಿಳೀತದ, ಗಿಡಕ್ಕ ರೋಗ ಬರೋ ತನಕ ಕಾಯೋದು ಬ್ಯಾಡ. ಹಂಗ ಮಾಡಿ ಜೆಎಲ್-24, ಟಿಎಜಿ-24, ಐಸಿಜಿವಿ 91114 ಇವಕ್ಕೆಲ್ಲಾ ಆ ತುಣುಕು ದಾಟಿಸ್ಯಾರ, ಟಿಎಂವಿ-2ಕ್ಕೂ ಧಾರವಾಡದಾಗ ಮಾಡ್ಯಾರ. ಅಂದ್ರ ನೀನು ಕೇಳಿದ್ದು ನಡದೇ ಐತಿ, ಪ್ರಯೋಗದ ಹಂತ ಮುಗದು ಬೀಜದ ಚೀಲದಾಗ ಬರೋದಷ್ಟ ತಡ.

ತೊಗರಿ_ಕಣಜ

ಕಲಬುರಗಿಯಿಂದ. ಓದಿ ಖುಷಿ ಆಯ್ತು, ಆದ್ರ ಹೊಟ್ಟಿ ಉರಿನೂ ಆಯ್ತು, ಶೇಂಗಾದವರಿಗೆ ಸಿಕ್ಕದ್ದು ತೊಗರಿಯವರಿಗ್ಯಾಕ ಸಿಕ್ಕಿಲ್ಲ ಅಂತ. ನಮ್ಮ ತೊಗರಿಗೆ ಕಾಡಿನ ಬೀಗರು ಹೊರಗ ಹುಡುಕೋದೇ ಬ್ಯಾಡ, ಇಲ್ಲೇ ಅವ. ಕಜಾನಸ್ ಸ್ಕಾರಬಿಯಾಯ್ಡಿಸ್ ಅಂತ ಒಂದು ಬಳ್ಳಿ, ನೋಡ್ಲಿಕ್ಕೆ ಹುರಳಿ ಇದ್ದಂಗ, ಬೇಲಿ ಸಂದಿ ಹುಲ್ಲಿನ್ಯಾಗ ಬೆಳೀತದ, ಕಾಯಿ ಮ್ಯಾಲ ದಟ್ಟ ರೋಮ. ಆ ರೋಮದಾಗ ಕೀಡಿ (ಕಾಯಿಕೊರಕ ಹುಳ) ಮರಿಗೆ ಕಾಲೂರಲಿಕ್ಕೆ ಬರೂದಿಲ್ಲ, ತಿಂದು ಒಳಗ ಹೋಗೋದ್ರೊಳಗ ಸತ್ತು ಹೋಗ್ತಾವ. ನಮ್ ತೊಗರಿ ಕಾಯಿ ಮ್ಯಾಲಿನ ರೋಮ ಉಲ್ಟಾ, ಅಂಟು ಸೂಸಿ ಕೀಡಿನ ಬಾ ಅಂತ ಕರೀತದ. ಸಾವಿರಾರು ನಾಟಿ ತೊಗರಿ ಬೀಜ ಪರೀಕ್ಷಾ ಮಾಡಿದ್ರೂ ಕಾಯಿಕೊರಕಕ್ಕ ಗಟ್ಟಿ ನಿಲ್ಲೋದು ಸಿಗಲಿಲ್ಲ ಅಂತಾರ, ಅದಕ್ಕ ಈ ಬಳ್ಳಿ ಮ್ಯಾಲ ಎಲ್ಲರ ಕಣ್ಣು. ಕೂಡಿಸಿದ್ರ ಕಾಯಿನೂ ಕಟ್ತದ. ಆದ್ರ ಬಳ್ಳಿಯಂಗ ಹಬ್ಬೋದು, ಕಾಳು ಸಾಸಿವಿ ಅಣ್ಣ ಅನ್ನೋ ಹಂಗ ಆಗೋದು, ಒಣಗಿದ ಕೂಡ್ಲೆ ಕಾಯಿ ಸಿಡದು ಕಾಳು ಹಾರೋದು, ಮ್ಯಾಲೆ ಹೂವಿನವರು ಹೇಳಿದ ಸೊಸಿ ತವರಮನಿ ಕಥಿನೇ. ಇಷ್ಟು ವರ್ಷ ಆದ್ರೂ ನಾವು ಗಿಡ ಅಲ್ಲಾಡ್ಸಿ ಕೀಡಿ ಉದುರ್ಸೋದು ಬಿಟ್ಟಿಲ್ಲ, ಮನಿ ಮಂದಿ ಎಲ್ಲಾ ಸಾಲಾಗಿ ಹೊದ್ದಿಕಿ ಹಿಡಕೊಂಡು ನಡೀತೀವಿ.

ಒಂದು ಬ್ಯಾರೆ ಲಾಭ ಮಾತ್ರ ಆಗ್ಯದ. ತೊಗರಿಯ ಖಾಸ ಅಣ್ಣ ತಮ್ಮ ಅನ್ನೋ ಕಜಾನಸ್ ಕಜಾನಿಫೋಲಿಯಸ್ ಅಂತ ಅದ, ಒಡಿಶಾ ಬಸ್ತಾರ ಕಾಡಿನ ಕಡಿದು, ತೊಗರಿ ಹುಟ್ಟಿದ್ದೇ ಅದರಿಂದ ಅಂತ ಹೇಳ್ತಾರ. ಅದನ್ನ ತಾಯಿ ಮಾಡಿ ತೊಗರಿ ಪರಾಗ ಕೊಟ್ಕೋಂತ ಹೋದ್ರ ಕಡೀಗೆ ನೋಡ್ಲಿಕ್ಕೆ ಪೂರಾ ತೊಗರಿ, ಆದ್ರ ಹೂವಿನ್ಯಾಗ ಪರಾಗನೇ ಆಗೂದಿಲ್ಲ. ಪರಾಗ ಇಲ್ಲದ ತಾಯಿ ಸಿಕ್ತು ಅಂದ್ರ ಹೈಬ್ರಿಡ್ ಮಾಡ್ಲಿಕ್ಕೆ ಬರ್ತದ, ಜೇನುಹುಳ ಬಾಕಿ ಕೆಲಸಾ ಮಾಡ್ತಾವ. ಇಕ್ರಿಸ್ಯಾಟಿನ ಕೆ.ಬಿ. ಸಕ್ಸೇನಾ ಮತ್ತ ಅವರ ಮಂದಿ ಹಂಗ ಮಾಡಿದ್ದು ಐಸಿಪಿಎಚ್ 2671. ಐದು ರಾಜ್ಯದ ರೈತರ ಹೊಲದಾಗ ನಮ್ ಮಾರುತಿ ತೊಗರಿ ಪಕ್ಕ ಹಾಕಿ ನೋಡಿದ್ರ ಸರಾಸರಿ ಶೇಕಡಾ 46ರಷ್ಟು ಜಾಸ್ತಿ ಬಂತು, ಮಾರುತಿ ಹೆಕ್ಟೇರಿಗೆ 953 ಕಿಲೋ, ಇದು 1396. ಹಂಗಂತ ನಮ್ ಊರಾಗ ಎಲ್ಲರ ಹೊಲದಾಗ ಅದು ಕಾಣ್ತದೇನು? ಇಲ್ಲ. ಹೈಬ್ರಿಡ್ ಬೀಜ ಪ್ರತಿ ವರ್ಷ ಕೊಳ್ಳಬೇಕು, ಬೀಜ ಮಾಡ್ಲಿಕ್ಕೆ ಸುತ್ತ ಬ್ಯಾರೆ ತೊಗರಿ ಇರಬಾರದು, ಕಲಬುರಗ್ಯಾಗ ತೊಗರಿ ಇಲ್ಲದ ಜಾಗಾ ಎಲ್ಲಿಂದ ತರ್ಲಿ? ಶೇಂಗಾದವ್ರು ಪುಣ್ಯವಂತರು, ಮನಿ ಬೀಜನೇ ಇಟ್ಕೋತೀರಿ.

ಅಂದಂಗ ಮಾರುತಿ ನೆಟೆ ರೋಗ (ಗಿಡ ಬಾಡಿ ಒಣಗೋದು) ತಡಕೊಳ್ಳೋದು ಕಾಡಿಂದ ಬಂದಿದ್ದಲ್ಲ, ನಾಟಿ ತೊಗರ್ಯಾಗ ಆರಿಸಿದ್ದು. ಮನ್ಯಾಗ ಸಿಗ್ತಿರಬೇಕಾದ್ರ ಕಾಡಿಗೆ ಯಾಕ ಹೋಗಬೇಕು ಅನ್ನೋದೂ ಒಂದು ಮಾತು.

ಸುಮ್ನೆ_ಕೇಳ್ದೆ

ನಂಗೆ ಬೇಸಾಯ ಗೊತ್ತಿಲ್ಲ, ಬೆಂಗಳೂರಲ್ಲಿ ಕೂತು ಬಸವನಗುಡಿ ಪರಿಷೆ ಕಡ್ಲೆಕಾಯಿ ತಿನ್ನೋ ಜಾತಿ. ಒಂದೇ ಡೌಟು. ಬೊಲಿವಿಯಾದಿಂದ ಗಿಡ ತಂದು ಪ್ರಪಂಚದವ್ರೆಲ್ಲ ಲಾಭ ಮಾಡ್ಕೊಂಡ್ರಲ್ಲ, ಬೊಲಿವಿಯಾದವ್ರಿಗೇನು ಸಿಕ್ತು?

ಬೆಳಗಿನ_ಹೂವು

ಡೌಟು ಸಣ್ಣದಲ್ರಿ ಇದು. ಆ ಗಿಡಕ್ಕ ಜಿಕೆಪಿ 10017 ಅಂತ ನಂಬರ್ ಐತಿ, ಕಾಡಿನಿಂದ ಅದನ್ನ ಸಂಗ್ರಹ ಮಾಡಿ ತಂದವರ ಹೆಸರಿನ ಮೊದಲಕ್ಷರ, ಗ್ರೆಗರಿ, ಕ್ರಾಪೊವಿಕಾಸ್, ಪಿಯೆತ್ರರೆಲ್ಲಿ. 2021ರಾಗ ಒಂದು ಅಧ್ಯಯನ ಬಂತು, ವಂಶಾವಳಿ ಕೆದರಿ, ಡಿಎನ್ಎ ನೋಡಿ, ಈ ಒಂದ ಸಂಗ್ರಹದ ತುಣುಕು ಆಫ್ರಿಕಾ, ಏಷ್ಯಾ, ಆಸ್ಟ್ರೇಲಿಯಾ ಕಡೆ, ಅಮೆರಿಕ ಎಲ್ಲಾ ಕಡೆ ಶೇಂಗಾದಾಗ ಐತಿ ಅಂತ ತೋರಿಸಿದ್ರು. ಎಷ್ಟೋ ತಳಿ ಮಾಡಿದವರಿಗೇ ತಮ್ಮದ್ರಾಗ ಕಾಡಿಂದು ಐತಿ ಅಂತ ಗೊತ್ತಿರಲಿಲ್ಲ. ಬೀಜ ಕೈಯಿಂದ ಕೈಗೆ ಹೋದಂಗ ಚೀಟಿ ಕಳದು ಹೋಗಿತ್ತು.

ಆಗ ಕೇಳೋರು ಇರಲಿಲ್ಲ, ಈಗ ಹಂಗಿಲ್ಲ, 1990ರ ದಶಕದಾಗ ಜೀವವೈವಿಧ್ಯ ಒಪ್ಪಂದ ಬಂದ ಮ್ಯಾಲೆ ಅವರವರ ದೇಶದ ಗಿಡ ಅವರವರ ಹಕ್ಕು. ಅದು ನ್ಯಾಯನೇ. ಆದ್ರ ಅದರ ಹಿಂದ ಇನ್ನೊಂದು ಆತು, ಹೊಸ ಕಾಡು ಶೇಂಗಾ ಒಂದು ದೇಶದಿಂದ ಇನ್ನೊಂದಕ್ಕ ಹೋಗೋದು ಹೆಚ್ಚುಕಡಿಮಿ ನಿಂತ ಹೋತು. ಬೆಳೆಗಳ ಬೀಜ ಹಂಚಿಕೊಳ್ಳಾಕ ಅಂತ 2004ರಿಂದ ಜಾರಿಯಾದ ಅಂತರರಾಷ್ಟ್ರೀಯ ಒಪ್ಪಂದ ಐತಿ, ಅದರ ಪಟ್ಟಿಯಾಗ ತೊಗರಿ ಐತಿ, ಶೇಂಗಾ ಇಲ್ಲ! ಇಷ್ಟೊಂದು ದೇಶ ಬೆಳಿಯೋ ಶೇಂಗಾನೇ ಬಿಟ್ಟಾರ. ಬೊಲಿವಿಯಾದ ಹಳ್ಳಿಯವರಿಗೆ ಏನ್ ಸಿಕ್ತು ಅಂದ್ರ, ನನಗ ತಿಳದ ಮಟ್ಟಿಗೆ ಅವರಿಗಂತ ಯಾರೂ ಏನೂ ತಗದಿಡಲಿಲ್ಲ, ಸಂಕಟದ ಮಾತು ಅದು.

ಶೇಂಗಾಹೊಲ

ಎಲ್ಲಾನೂ ಅಪ್ಪಗ ಓದಿ ಹೇಳಿದೆ. ಟಿಎಂವಿ-2ನೂ ಕಾಡಿಂದೇ ಅಂದಾಗ "ಹಂಗಾರ ನಮ್ ಮುತ್ಯಾನೂ ಕಾಡಿನಾವ" ಅಂದು ಎದ್ದು ಹೋದ, ಸಂಜಿಗೆ ತಾನೇ ಬಂದು ಒಡ್ಡಿನ ಬಾಜೂ ಒಂದೆಕರೆ ಹಾಕಿ ನೋಡು ಅಂದ. ಉಳದ ಮೂರ್ ಎಕರೆ ಟಿಎಂವಿ-2ನೇ. ಬೀಜ ಕಾಕಾನ ಹತ್ರ ಐತಿ, ಆದ್ರ ಅವ ಸುಲದು ಡಬ್ಬ್ಯಾಗ ಹಾಕಿಟ್ಟಾನ, ನಡೀತದೇನು?

ಬೆಳಗಿನ_ಹೂವು

ಸುಲದು ಎಷ್ಟ್ ದಿನ ಆತು ಕೇಳು. ಶೇಂಗಾ ಬೀಜ ಕಾಯಿಯಾಗೇ ಇಡಬೇಕು, ಸುಲದ್ರ ಮೊಳಕಿ ಲಗೂನ ಹೋಗ್ತದ. ಒದ್ದಿ ಗೋಣಿತಾಟಿನ್ಯಾಗ ನೂರು ಕಾಳು ಸುತ್ತಿಟ್ಟು ನೋಡು, ಎಪ್ಪತ್ತರ ಮ್ಯಾಲೆ ಮೊಳಕಿ ಬಂದ್ರ ಹಾಕು, ಇಲ್ಲಾಂದ್ರ ಸಂಶೋಧನಾ ಕೇಂದ್ರದಿಂದನೋ ರೈತ ಸಂಪರ್ಕ ಕೇಂದ್ರದಿಂದನೋ ಕಾಯಿನೇ ತಗೊಂಡು ಬಾ. ಮತ್ತ ಎರಡೂ ತಳಿ ಬಾಜೂ ಬಾಜೂ ಹಾಕಿದ್ರ ಕೀಳೋವಾಗ ಕಾಯಿ ಕಲಸಿ ಹೋಗದಂಗ ನಡುವ ಎರಡು ಸಾಲು ಜೋಳ ಹಾಕು.

ಚಳ್ಳಕೆರೆ_ಬಯಲು

ಕಿತ್ತ ಮೇಲೆ ಎರಡರದ್ದೂ ತೂಕ ಇಲ್ಲಿ ಹಾಕಪ್ಪ, ಹೊಟ್ಟಿಂದೂ ಸೇರಿಸಿ.